ಬಸ್ಸಿನ ಸ್ವಂತ ವಿಮಾ ನಿಧಿಯಲ್ಲಿ ಕ್ಲೇಮು ನೋಡುವವರ ಮೇಲ್ವಿಚಾರಣೆ ಹೇಗೆ?

ನೀವು ಕೇಳಿರುವುದು ಇಷ್ಟು. ಅಕೌಂಟ್ಸ್‌ನಿಂದ ಬಡ್ತಿ ಸಿಕ್ಕಿ ಮಂಡ್ಯಕ್ಕೆ ಹೋಗುತ್ತಿದ್ದೀರಿ, ಅಪಘಾತದ ಕ್ಲೇಮು ನೋಡುವ ಶಾಖೆಗೆ. ಸರ್ಕಾರಿ ಸಾರಿಗೆ ಸಂಸ್ಥೆ. ಹೊರಗಿನ ವಿಮೆ ಇಲ್ಲ, ಸಂಸ್ಥೆಯದೇ ನಿಧಿ. ಕೈಕೆಳಗಿನವರಿಗೆ ನಿಮಗಿಂತ ಜಾಸ್ತಿ ಗೊತ್ತು. ಅವರನ್ನು ಹೇಗೆ ನೋಡಿಕೊಳ್ಳುವುದು, ಪರಿಹಾರದ ಮೊತ್ತ ಹೇಗೆ ಇಳಿಸುವುದು?

ನಾನು ಇಂಥದ್ದೇ ಒಂದು ಶಾಖೆಯಿಂದ ಮೈಸೂರಿನಲ್ಲಿ ನಿವೃತ್ತನಾದವನು. ಯಾವ ಸಂಸ್ಥೆ ಅನ್ನುವುದು ಬೇಡ. ಮೊತ್ತ ಇಳಿಸುವ ಯೋಚನೆ ಪಕ್ಕಕ್ಕಿಡಿ. ಮೊದಲು ಯಾವ ಫೈಲು ಎಷ್ಟು ದಿನದಿಂದ ಕೂತಿದೆ ನೋಡಿ.

ನಿಧಿ ಯಾಕಿದೆ ಅಂದರೆ, ಮೋಟಾರು ವಾಹನ ಕಾಯ್ದೆ 1988ರ 146ನೇ ಸೆಕ್ಷನ್ ಎಲ್ಲ ವಾಹನಕ್ಕೂ ವಿಮೆ ಕಡ್ಡಾಯ ಮಾಡಿದೆ. ರಾಜ್ಯ ಸಾರಿಗೆ ಸಂಸ್ಥೆಗಳಿಗೆ ಸರ್ಕಾರ ಅದರಿಂದ ವಿನಾಯಿತಿ ಕೊಡಬಹುದು, ಆದರೆ ಪರಿಹಾರ ಕೊಡಲು ಅವು ಸ್ವಂತ ನಿಧಿ ಇಟ್ಟಿರಬೇಕು. ಇದನ್ನು ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಜೊತೆ ಕಲಸಿಕೊಳ್ಳಬೇಡಿ. ಅದು 1891ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಇಲಾಖೆ, ಪ್ರೀಮಿಯಂ ಕಟ್ಟಿಸಿಕೊಂಡು ಪಾಲಿಸಿ ಕೊಡುತ್ತದೆ. ನಿಮ್ಮಲ್ಲಿ ಪಾಲಿಸಿಯೂ ಇಲ್ಲ, ಪ್ರೀಮಿಯಂ ಕಟ್ಟುವವರೂ ಇಲ್ಲ. ಹೋಗುವ ಪ್ರತಿ ರೂಪಾಯಿ ಟಿಕೆಟ್ ದುಡ್ಡೇ.

ಈಗ ಒಂದು ಲೆಕ್ಕ ಹಾಕೋಣ. 34 ವರ್ಷದ ಗಾರೆ ಕೆಲಸದವರು ಬಸ್ಸಿಗೆ ಸಿಕ್ಕಿ ತೀರಿಕೊಂಡರು ಅಂದುಕೊಳ್ಳಿ. ತಿಂಗಳಿಗೆ 15,000 ದುಡಿಮೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ, ಸ್ವಂತ ದುಡಿಮೆಯವರಿಗೆ 40 ವರ್ಷದ ಒಳಗಾದರೆ ಮುಂದಿನ ಏರಿಕೆಗೆ ಶೇ. 40 ಸೇರಿಸಬೇಕು. 21,000 ಆಯಿತು. ನಂಬಿಕೊಂಡವರು ನಾಲ್ವರು, ಹಾಗಾಗಿ ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಿರಿ. ಉಳಿದದ್ದು 15,750, ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಅದೇ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ 16. ಒಟ್ಟು 30,24,000. ಅಂತ್ಯಕ್ರಿಯೆ ಖರ್ಚು, ಕುಟುಂಬದ ಆಸರೆ ಹೋದದ್ದಕ್ಕೆ ಕೊಡುವುದು ಬೇರೆ.

ಈ ಲೆಕ್ಕ ಎದುರಿನ ವಕೀಲರಿಗೂ ಗೊತ್ತು, ಜಡ್ಜ್‌ಗೂ ಗೊತ್ತು. ಗುದ್ದಾಡುವುದಕ್ಕೆ ಉಳಿಯುವುದು ದುಡಿಮೆ ಎಷ್ಟು, ತಪ್ಪು ಯಾರದು ಅನ್ನುವುದು ಮಾತ್ರ. ಅರ್ಜಿ ಹಾಕಿದ ದಿನದಿಂದ ಶೇ. 6 ಬಡ್ಡಿ ಹಾಕಿದರೂ ವರ್ಷಕ್ಕೆ 1,81,440 ಆಗುತ್ತದೆ. ಒಂದು ಲಕ್ಷ ಇಳಿಸಲು ಎರಡು ವರ್ಷ ಎಳೆದಾಡಿದರೆ ಯಾರಿಗೆ ಲಾಭ, ಹೇಳಿ.

ಇಷ್ಟು ಗೊತ್ತಿದ್ದೂ ಕೇಸ್‌ವರ್ಕರ್‌ಗಳು ಯಾಕೆ ಎಳೆಯುತ್ತಾರೆ? ಸೋಮಾರಿತನ ಅಲ್ಲ, ಭಯ. ಲೋಕ ಅದಾಲತ್‌ನಲ್ಲಿ 28 ಲಕ್ಷಕ್ಕೆ ರಾಜಿ ಮಾಡಿದರೆ ಆಡಿಟ್‌ನವರು ‘26ಕ್ಕೆ ಯಾಕೆ ಆಗಲಿಲ್ಲ’ ಅಂತ ಕೇಳುತ್ತಾರೆ. ಅದೇ ಕೇಸು ಕೋರ್ಟಿನಲ್ಲಿ ಬಡ್ಡಿ ಸೇರಿ 36 ಆದರೆ ಯಾರೂ ಕೇಳಲ್ಲ, ಕೋರ್ಟ್ ಆದೇಶ ಅಲ್ವಾ. ರಾಜಿಯ ಕೆಳಗೆ ಒಬ್ಬ ಗುಮಾಸ್ತರ ಸಹಿ ಇರುತ್ತದೆ, ತೀರ್ಪಿನ ಕೆಳಗೆ ಇರಲ್ಲ. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಈ ಭಯ ತೆಗೆಯುವುದೇ. ಮೇಲಿನ ಥರದ ಲೆಕ್ಕವನ್ನು ಒಂದು ಪುಟದ ಟಿಪ್ಪಣಿ ಮಾಡಿಸಿ. ಇವತ್ತು ಕೊಟ್ಟರೆ ಎಷ್ಟು, ವರ್ಷ ಬಿಟ್ಟರೆ ಎಷ್ಟು, ಸೋಲುವ ಸಾಧ್ಯತೆ ಏನು, ಎಲ್ಲ ಅದರಲ್ಲಿರಲಿ. ಅದರ ಕೆಳಗೆ ನಿಮ್ಮ ಸಹಿ ಹಾಕಿ. ನಾಳೆ ಪ್ರಶ್ನೆ ಬಂದರೆ ನಿಮಗೆ ಬರಲಿ. ಅಕೌಂಟ್ಸ್‌ನಿಂದ ಬಂದವರಿಗೆ ಆಡಿಟ್‌ನವರ ಭಾಷೆ ಗೊತ್ತಿರುತ್ತದೆ, ಅದು ಇಲ್ಲಿ ದೊಡ್ಡ ಆಸ್ತಿ.

ಹಾಗಂತ ಬಂದ ಕೇಸಿಗೆಲ್ಲ ದುಡ್ಡು ಕೊಡಿ ಅಂತ ಅಲ್ಲ. ತಾನೇ ಬೈಕಿನಿಂದ ಬಿದ್ದು, ಆಮೇಲೆ ಬಸ್ಸಿನ ನಂಬರ್ ಸೇರಿಸಿದ ಕೇಸುಗಳು ಇರುತ್ತವೆ. ಅಂಥವನ್ನು ಕೊನೆಯವರೆಗೂ ಹೋರಾಡಿ. ಪತ್ತೆ ಮಾಡುವುದು ದೂರಿನಿಂದಲ್ಲ, ಆಸ್ಪತ್ರೆಯ ಮೊದಲ ಬರಹದಿಂದ. ಮಂಡ್ಯದ ಮಿಮ್ಸ್ ಇರಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಇರಲಿ, ಕರೆತಂದ ಹೊತ್ತಿನಲ್ಲಿ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸ್ ಕೇಸಾಗುವಂಥ ಗಾಯಗಳನ್ನು ದಾಖಲಿಸುವ ಪುಸ್ತಕ) ಏನು ಬರೆದಿದ್ದಾರೆ? ಅದರ ನಕಲು ಇಲ್ಲದ ಗಾಯದ ಫೈಲು ನಿಮ್ಮ ಟೇಬಲ್ಲಿಗೆ ಬಂದರೆ ವಾಪಸ್ ಕಳಿಸಿ.

ಅಂಗವೈಕಲ್ಯದ ಸರ್ಟಿಫಿಕೇಟನ್ನೂ ನೀವೇ ಓದಿ. ಡಾಕ್ಟರ್ ‘ಬಲಗಾಲಿಗೆ ಶೇ. 45’ ಅಂತ ಬರೆದರೆ ಅದು ಕಾಲಿಗೆ, ಇಡೀ ದೇಹಕ್ಕಲ್ಲ. ಅದರಿಂದ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದೇ ಮುಖ್ಯ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇದು ಎರಡೂ ಕಡೆ ಕೊಯ್ಯುವ ಕತ್ತಿ. ಕೂತು ಲೆಕ್ಕ ಬರೆಯುವವರಿಗೆ ಕಡಿಮೆ ಆಗಬಹುದು, ಸಾರವೆ ಹತ್ತುವ ಗಾರೆಯವರಿಗೆ ಪೂರ್ತಿ ದುಡಿಮೆಯೇ ಹೋಗಿರಬಹುದು. ಗಾಯಾಳುವಿನ ಮನೆಗೆ ಹೋಗಿ ನೋಡದೆ ಬರೆದ ವರದಿಗೆ ನಾನಂತೂ ಬೆಲೆ ಕೊಡುತ್ತಿರಲಿಲ್ಲ.

ಡ್ರೈವರ್ ಹೇಳಿಕೆ ಇನ್ನೊಂದು ತಲೆನೋವು. ಇಲಾಖಾ ವಿಚಾರಣೆ ತಲೆಯ ಮೇಲಿರುವಾಗ ಯಾವ ಡ್ರೈವರೂ ‘ನನ್ನದೇ ತಪ್ಪು’ ಅನ್ನಲ್ಲ. ಶಿಸ್ತು ನೋಡುವವರೂ ಕ್ಲೇಮು ನೋಡುವವರೂ ಒಬ್ಬರೇ ಆಗಬಾರದು. ನಿಮ್ಮವರು ಆದಷ್ಟು ಬೇಗ ಡಿಪೋಗೆ ಹೋಗಿ ಡ್ರೈವರ್, ಕಂಡಕ್ಟರ್ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಲಿ. ಕೇಸು ನಡೆಸುವುದಾದರೆ ಡ್ರೈವರ್ ಕೋರ್ಟಿಗೆ ಬಂದು ಸಾಕ್ಷಿ ಹೇಳಲೇಬೇಕು. ಚಾರ್ಜ್‌ಶೀಟ್ ಅವರ ಮೇಲಿದ್ದು, ಅವರೇ ಬರದಿದ್ದರೆ ನಿಮ್ಮ ವಕೀಲರು ಎಷ್ಟು ವಾದಿಸಿದರೂ ಸುಮ್ನೆ.

ಮಂಡ್ಯ ಅಂದ ಮೇಲೆ ಕಬ್ಬಿನ ವಿಷಯ ಹೇಳಬೇಕು. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪ, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್ ರಾತ್ರಿ ರಸ್ತೆಯಲ್ಲಿ ನಿಂತಿರುತ್ತದೆ, ಬಸ್ಸು ಹೋಗಿ ಗುದ್ದುತ್ತದೆ. ಬೆಳಿಗ್ಗೆಗೆ ಟ್ರೈಲರ್ ಇರಲ್ಲ, ಆದ್ದರಿಂದ ಫೋಟೋ ರಾತ್ರಿಯೇ ಆಗಬೇಕು. ಬಸ್ಸಿನ ಪ್ರಯಾಣಿಕರು ಪೂರ್ತಿ ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು, ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಅವರಿಗೆ ಕೊಟ್ಟುಬಿಡಿ, ಆಮೇಲೆ ಟ್ರ್ಯಾಕ್ಟರಿನ ಪಾಲನ್ನು ಅದರ ಮಾಲೀಕರು ಮತ್ತು ವಿಮಾ ಕಂಪನಿಯಿಂದ ವಸೂಲಿ ಮಾಡಿ. ಅದಕ್ಕೆ ಅವರನ್ನೂ ಕೇಸಿನಲ್ಲಿ ಪಾರ್ಟಿ ಮಾಡಿಸಿರಬೇಕು. ಇದನ್ನು ಮರೆಯುವ ವಕೀಲರಿದ್ದಾರೆ, ಪ್ರತಿ ಫೈಲಿನಲ್ಲೂ ನೀವೇ ಕೇಳಿ.

ಅವಾರ್ಡ್, ಅಂದರೆ ಪರಿಹಾರದ ತೀರ್ಪು, ಆದ ಮೇಲೆ ಅಪೀಲಿಗೆ 90 ದಿನ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿ. ಅಪೀಲೂ ಇಲ್ಲ, ದುಡ್ಡೂ ಕಟ್ಟಿಲ್ಲ ಅಂದರೆ ಎಕ್ಸಿಕ್ಯೂಷನ್ (ಕೋರ್ಟಿನ ಮೂಲಕ ವಸೂಲಿ) ಆಗಿ ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೇ ಬಂದು ಬಸ್ಸು ಜಪ್ತಿ ಮಾಡುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ.

ಚಾರ್ಜ್ ತೆಗೆದುಕೊಂಡ ಮೊದಲ ವಾರ ಹೊಸ ಫೈಲು ಮುಟ್ಟಬೇಡಿ. ಎಕ್ಸಿಕ್ಯೂಷನ್ ಹಂತದಲ್ಲಿ ಎಷ್ಟಿವೆ, ಅವಾರ್ಡ್ ಆಗಿ ದುಡ್ಡು ಕಟ್ಟದೆ ಎಷ್ಟಿವೆ, ಎರಡು ಪಟ್ಟಿ ಮಾಡಿಸಿ. ಆಮೇಲೆ ಇಲ್ಲೇ ಬರೆಯಿರಿ, ಯಾವುದನ್ನು ಮುಂದಿನ ಲೋಕ ಅದಾಲತ್‌ಗೆ ಹಾಕಬಹುದು ನೋಡೋಣ.