ಡೀಸೆಲ್‌ನಲ್ಲಿ ಕೈ ತೊಳೆಯುವುದನ್ನು ಮೊದಲು ಬಿಡಲಿ

ಕಾರವಾರದ ಬೈತಖೋಲದಿಂದ ಓದುಗರೊಬ್ಬರು ಬರೆದಿದ್ದಾರೆ: “ನನ್ನ ತಮ್ಮ ಟ್ರಾಲ್ ಬೋಟಿನ ಇಂಜಿನ್ ನೋಡಿಕೊಳ್ಳುತ್ತಾನೆ. ಎರಡೂ ಕೈ ಒಡೆದು ರಕ್ತ ಬರುತ್ತದೆ. ಮುಲಾಮು ಹಚ್ಚಿದರೆ ನಾಲ್ಕು ದಿನ ಕಡಿಮೆ, ಮತ್ತೆ ಅದೇ ಕಥೆ. ಮಳೆಗಾಲದಲ್ಲಿ ಬೋಟು ನಿಂತಾಗ ಮಾತ್ರ ತಾನಾಗಿಯೇ ವಾಸಿಯಾಗುತ್ತದೆ. ಸಂಜೆ ಗ್ರೀಸ್ ಹೋಗಲೆಂದು ಡೀಸೆಲ್‌ನಲ್ಲೇ ಕೈ ತೊಳೆಯುತ್ತಾನೆ. ಇದರಿಂದ ಕ್ಯಾನ್ಸರ್ ಬರುತ್ತದಾ? ಅವನ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬಹುದಾ?”

ಪ್ರಿಯ ಸೋದರಿ,

ನಿಮ್ಮ ಪತ್ರದಲ್ಲೇ ದೊಡ್ಡ ಸುಳಿವಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ 61 ದಿನದಲ್ಲಿ ವಾಸಿಯಾಗುವ ಕೈ ಆಗಸ್ಟ್‌ನಲ್ಲಿ ಮತ್ತೆ ಒಡೆಯುತ್ತದೆ ಅಂದರೆ, ತೊಂದರೆ ಕೆಲಸದಿಂದಲೇ ಬರುತ್ತಿರುವ ಸಾಧ್ಯತೆ ಜಾಸ್ತಿ. ಡಾಕ್ಟರಿಗೆ ಮುಲಾಮಿನ ಹೆಸರಿಗಿಂತ ಮೊದಲು ಈ ವಿಷಯ ಹೇಳಿ.

ನಮ್ಮ ಚರ್ಮದ ಮೇಲ್ಪದರದಲ್ಲಿ ಜಿಡ್ಡಿನ ಅಂಶವಿದೆ. ಒಳಗಿನ ನೀರು ಆರಿಹೋಗದಂತೆ ತಡೆಯುವುದು ಅದೇ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮೂರೂ ಅದನ್ನು ಕರಗಿಸುತ್ತವೆ. ಪೆಟ್ರೋಲ್ ಬೇಗ ಆರುತ್ತದೆ. ಡೀಸೆಲ್, ಸೀಮೆಎಣ್ಣೆ ಆರದೆ ಕೈಮೇಲೇ ಉಳಿಯುತ್ತವೆ. ಒಂದು ದಿನ ತಾಗಿದರೆ ಚರ್ಮ ಸುಧಾರಿಸಿಕೊಳ್ಳುತ್ತದೆ. ದಿನಾ ತಾಗಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಮೇಲಿಂದ ಉಪ್ಪುನೀರು, ಐಸು ಬೇರೆ.

ಕೆಲಸ ಬಿಡು ಎಂದು ಯಾರೂ ಹೇಳಲಾರರು. ಆದರೆ ಸಂಜೆಯ ಆ ಕೈ ತೊಳೆಯುವ ಅಭ್ಯಾಸ ಬಿಡಬಹುದು, ಅಲ್ವಾ? ಇಡೀ ದಿನ ಅಲ್ಲಿಇಲ್ಲಿ ತಾಗಿದ್ದಕ್ಕಿಂತ, ಬನಿಯನ್ ವೇಸ್ಟ್ ಹಿಡಿದು ಡೀಸೆಲ್‌ನಲ್ಲಿ ಗಸಗಸ ತಿಕ್ಕುವುದೇ ಹೆಚ್ಚು ಹಾಳು ಮಾಡಬಲ್ಲದು. ಬದಲಿಗೆ ಸ್ವಲ್ಪ ತೆಂಗಿನೆಣ್ಣೆ ತಿಕ್ಕಲಿ, ಗ್ರೀಸ್ ಬಿಡುತ್ತದೆ. ಒರೆಸಿ, ಮೈಸೋಪಿನಲ್ಲಿ ತೊಳೆದು, ಕೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ವ್ಯಾಸಲೀನ್ ಹಚ್ಚಲಿ. ವ್ಯಾಸಲೀನ್ ಕೂಡ ಪೆಟ್ರೋಲಿಯಂನಿಂದಲೇ ಬರುವುದು ನಿಜ. ಆದರೆ ಅದು ಚೆನ್ನಾಗಿ ಶುದ್ಧ ಮಾಡಿದ್ದು, ಜಿಡ್ಡು ಕರಗಿಸುವುದಿಲ್ಲ, ನೀರು ಹಿಡಿದಿಡುತ್ತದೆ.

ಕೈಗವಸು ತರುವಾಗ ನೈಟ್ರೈಲ್ ಎಂಬ, ಎಣ್ಣೆ ತಡೆಯುವ ಕೃತಕ ರಬ್ಬರಿನದೇ ಕೇಳಿ. ಸಾದಾ ರಬ್ಬರಿನದು ಡೀಸೆಲ್‌ಗೆ ಉಬ್ಬಿ ಹಾಳಾಗುತ್ತದೆ. ಒಳಗೆ ಡೀಸೆಲ್ ಸೇರಿದರೆ ತಕ್ಷಣ ತೆಗೆಯಬೇಕು. ತಿರುಗುವ ಬೆಲ್ಟಿನ ಹತ್ತಿರ ಮಾತ್ರ ಕೈಗವಸು ಬೇಡವೇ ಬೇಡ. ಪ್ಯಾಂಟಿನ ಮೇಲೆ ಡೀಸೆಲ್ ಚೆಲ್ಲಿದರೆ ದಡಕ್ಕೆ ಬರುವವರೆಗೆ ಕಾಯಬಾರದು. ಒದ್ದೆ ಬಟ್ಟೆ ಗಂಟೆಗಟ್ಟಲೆ ಅಂಟಿಕೊಂಡರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ. ಬೋಟಿನಲ್ಲೇ ಒಂದು ಜೊತೆ ಬಟ್ಟೆ ಇರಲಿ.

ಇನ್ನು ಕ್ಯಾನ್ಸರ್. ರಕ್ತದ ಕ್ಯಾನ್ಸರ್ ತರುವ ಬೆಂಜೀನ್ ಪೆಟ್ರೋಲಿನಲ್ಲಿದೆ. ನಮ್ಮಲ್ಲಿ ಅದರ ಮಿತಿ ಶೇ. 1. ಡೀಸೆಲ್‌ನಲ್ಲಿ ಅದು ತೀರಾ ಕಡಿಮೆ. ಅದು ದೇಹ ಸೇರುವುದು ಮುಖ್ಯವಾಗಿ ಉಸಿರಿನಿಂದ, ಚರ್ಮದಿಂದ ಕಡಿಮೆ. ಆದರೆ ಒಡೆದ ಚರ್ಮ ಒಳ್ಳೆಯ ತಡೆಯಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಬೇರೆ ಎರಡರ ಬಗ್ಗೆ. ಒಂದು, ಇಂಜಿನ್‌ನಿಂದ ತೆಗೆದ ಕಪ್ಪು ಆಯಿಲ್. ಅದನ್ನು ಪದೇ ಪದೇ ಹಚ್ಚಿದ ಇಲಿಗಳಿಗೆ ಚರ್ಮದ ಗೆಡ್ಡೆ ಬಂದದ್ದಿದೆ. ಇನ್ನೊಂದು ಹೊಗೆ. ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಇಂಜಿನ್ ರೂಮಿಗೆ ಗಾಳಿ ಬರುವಂತೆ ಮಾಡಿಸಲು ಬೋಟಿನ ಮಾಲೀಕರನ್ನು ಕೇಳಲೇಬೇಕು.

ಎರಡು ವಿಷಯದಲ್ಲಿ ಮಾತ್ರ ಒಂದು ಗಂಟೆಯೂ ಕಾಯಬೇಡಿ. ಪೈಪಿಗೆ ಬಾಯಿ ಹಾಕಿ ಡೀಸೆಲ್ ಎಳೆಯುವಾಗ ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ನುಂಗಿದರೆ ವಾಂತಿ ಮಾಡಿಸಬೇಡಿ. ಇನ್ನು ಇಂಜಿನ್‌ಗೆ ಭಾರೀ ಒತ್ತಡದಲ್ಲಿ ಡೀಸೆಲ್ ಬಿಡುವ ಇಂಜೆಕ್ಟರ್‌ನಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ತಡಮಾಡಿದರೆ ಬೆರಳೇ ಹೋಗಬಹುದು. ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ಹೋಗಲಿ.

ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಮೊದಲು ಹೊರಗೆ ಗಾಳಿಗೆ ಹರವಿ, ಆಮೇಲೆ ಸೋಪಿನ ನೀರಿನಲ್ಲಿ ನೆನೆಸಿ. ವಾಸನೆ ಪೂರ್ತಿ ಹೋಗುವವರೆಗೆ ಅಡುಗೆ ಒಲೆಯ ಹತ್ತಿರ ಒಣಹಾಕಬೇಡಿ.