ಅಮೆರಿಕದ ಉಟಾ ಮರುಭೂಮಿಯ ನಾಚ್ ಪೀಕ್ ಶಿಖರದ ಸುಣ್ಣಕಲ್ಲಿನ ಗೋಡೆ ಕರಗದೆ ಹೇಗೆ ನಿಂತಿದೆ?

ಅಲ್ಲಿ ಮಳೆ ಕಡಿಮೆ, ಅದಕ್ಕೇ. ಸುಣ್ಣಕಲ್ಲಿನ ಮೇಲೆ ನಿಂಬೆಹುಳಿ ಹಿಂಡಿ ನೋಡಿ, ಸಣ್ಣಗೆ ನೊರೆ ಏಳುತ್ತದೆ. ಮಳೆನೀರೂ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗಿರುತ್ತದೆ. ಮಳೆ ಜೋರಾಗಿರುವ ಕಡೆ ಇದೇ ಕಲ್ಲು ಕರಗಿ ಗುಹೆಯಾಗುತ್ತದೆ, ಮೊನಚಾಗುತ್ತದೆ. ನಮ್ಮ ಯಾಣವನ್ನೇ ನೆನೆಸಿಕೊಳ್ಳಿ. ಒಣನೆಲದಲ್ಲಿ ಮಾತ್ರ ಸುಣ್ಣಕಲ್ಲೇ ಗಟ್ಟಿಗ: ಸುತ್ತಲಿನ ಮೆದು ಜೇಡಿಪದರಗಳು ಉದುರಿಹೋದರೂ ಅದು ನಿಂತೇ ಇರುತ್ತದೆ.

ಕಲ್ಲು ಹುಟ್ಟಿದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ, ಆಳವಿಲ್ಲದ ಬೆಚ್ಚನೆಯ ಸಮುದ್ರದಲ್ಲಿ. ನಾಚ್ ಪೀಕ್ ಇರುವ ಹೌಸ್ ರೇಂಜ್ ಬೆಟ್ಟಸಾಲಿನ ಜೇಡಿಶಿಲೆಯನ್ನು ಹಾಳೆ ಬಿಡಿಸಿದಂತೆ ಸೀಳಿದರೆ ಟ್ರೈಲೊಬೈಟ್ ಎಂಬ, ಈಗ ಅಳಿದುಹೋದ ಸಮುದ್ರಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ, ಗುಂಡಿಯಷ್ಟು ಪುಟ್ಟವು, ಪಕ್ಕೆಗೆರೆಗಳೂ ಎಣಿಸುವಷ್ಟು ಸ್ಪಷ್ಟ. ಬಹಳ ಕಾಲದ ಮೇಲೆ ಭೂಮಿಯ ತೊಗಟೆ ಪೂರ್ವ-ಪಶ್ಚಿಮವಾಗಿ ಹಿಗ್ಗಿ ಬಿರುಕುಬಿಟ್ಟಿತು. ಒಂದು ಬದಿ ಮೇಲೆದ್ದಿತು, ಪಕ್ಕದ ಕಣಿವೆ ಕುಸಿಯಿತು.

ಶಿಖರದ ಎತ್ತರ ಸುಮಾರು 2,940 ಮೀಟರ್. ಪಶ್ಚಿಮದ ಗೋಡೆ ನೆಟ್ಟಗೆ 670 ಮೀಟರ್‌ನಷ್ಟು ಇಳಿಯುತ್ತದೆ, ಯಾಣದ ಭೈರವೇಶ್ವರ ಶಿಖರದ ಐದು ಪಟ್ಟಿಗೂ ಹೆಚ್ಚು. ಆದರೆ ಹತ್ತಲು ಹಗ್ಗವೇನೂ ಬೇಡ! ಪೂರ್ವದಿಂದ ಒಣಹಳ್ಳದ ಗುಂಟ ನಡೆದೇ ತುದಿ ಮುಟ್ಟಬಹುದು. ನೀರು ಮಾತ್ರ ಹೊತ್ತೊಯ್ಯಿರಿ, ದಾರಿಯಲ್ಲಿ ಸಿಗುವುದಿಲ್ಲ. ಅಂಚಿನಲ್ಲಿ ಇಣುಕುವಾಗ ಹೊಟ್ಟೆಯ ಮೇಲೆ ಮಲಗಿಯೇ ಇಣುಕಿ.