ಸ್ಕೈಡೈವಿಂಗ್‌ನ ಮೊದಲ ಪರವಾನಗಿ, ಅಂದರೆ ಎ ಲೈಸೆನ್ಸ್ ಸಿಕ್ಕ ಕೂಡಲೇ 150 ಚದರಡಿಯ ಸೆಕೆಂಡ್ ಹ್ಯಾಂಡ್ ಪ್ಯಾರಾಚೂಟ್ ತಗೊಳ್ಳಬಹುದಾ?

ಬೇಡ. ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಲೆಕ್ಕ ಸುಲಭ. ನಿಮ್ಮ ತೂಕ 75 ಕೆಜಿ ಅಂದುಕೊಳ್ಳಿ. ಬಟ್ಟೆ, ಹೆಲ್ಮೆಟ್, ರಿಗ್ (ಬೆನ್ನಿಗೆ ಕಟ್ಟುವ ಪೂರ್ತಿ ಪ್ಯಾರಾಚೂಟ್ ಸೆಟ್) ಎಲ್ಲ ಸೇರಿ ಸುಮಾರು 86 ಕೆಜಿ, ಅಂದರೆ 190 ಪೌಂಡ್. ಆ ಪೌಂಡನ್ನು ಕ್ಯಾನೊಪಿಯ, ಅಂದರೆ ಬಿಚ್ಚಿಕೊಳ್ಳುವ ಬಟ್ಟೆಯ ಚದರಡಿಯಿಂದ ಭಾಗಿಸಿದರೆ ವಿಂಗ್ ಲೋಡಿಂಗ್ ಸಿಗುತ್ತದೆ. 190 ಚದರಡಿಯ ಕ್ಯಾನೊಪಿಗೆ 1.0, 150ಕ್ಕೆ ಸುಮಾರು 1.27. ಹೊಸಬರು 1.0 ದಾಟದಿರುವುದು ಒಳ್ಳೆಯದು. ಕ್ಯಾನೊಪಿ ಚಿಕ್ಕದಾದಷ್ಟೂ ವೇಗ ಜಾಸ್ತಿ, ತಿರುಗಿಸಿದಾಗ ಎತ್ತರ ಕಳೆದುಕೊಳ್ಳುವುದೂ ಜಾಸ್ತಿ. ಸರಿಯಾಗಿ ತೆರೆದ ಪ್ಯಾರಾಚೂಟಿನಲ್ಲೇ, ನೆಲದ ಹತ್ತಿರ ಗಾಬರಿಯಿಂದ ಟಾಗಲ್ (ತಿರುಗಿಸುವ ಹಿಡಿ) ಎಳೆದು ತಿರುಗಿಸಿ ಸತ್ತವರು ಎಷ್ಟೋ ಜನ. ಇಳಿಯುವಾಗ ಏನಾದರೂ ಅಡ್ಡ ಬಂದರೆ ಮೆಲ್ಲಗೆ ಪಕ್ಕಕ್ಕೆ ಸರಿಯಿರಿ. ಗಾಳಿಗೆ ಎದುರಾಗಿ ಇಳಿಯಲೇಬೇಕು ಅನ್ನೋ ಹಟ ಬೇಡ, ಕ್ಯಾನೊಪಿ ಓರೆಯಾಗದೆ ಸಮವಾಗಿದ್ದರೆ ಸಾಕು.

ಹಳೆ ರಿಗ್ ನೋಡುವಾಗ ಮುಖ್ಯ ಕ್ಯಾನೊಪಿ ಒಂದನ್ನೇ ನೋಡಬೇಡಿ. ರಿಸರ್ವ್ (ತುರ್ತಿಗೆ ಇಟ್ಟ ಎರಡನೇ ಪ್ಯಾರಾಚೂಟ್) ಎಷ್ಟು ದೊಡ್ಡದು ಕೇಳಿ, ಪ್ರಜ್ಞೆ ತಪ್ಪಿದರೆ ಅದರಲ್ಲೇ ಇಳಿಯಬೇಕು ಅಲ್ವಾ? ರಿಸರ್ವ್ ಅನ್ನು ತಾನಾಗಿಯೇ ಬಿಚ್ಚುವ ಸಾಧನ ಎಎಡಿ, ಅದು ತಯಾರಾದ ವರ್ಷ ನೋಡಿ, ಅದಕ್ಕೂ ಆಯಸ್ಸಿದೆ. ದುಡ್ಡು ಕೊಡುವ ಮೊದಲು ನೀವೇ ಆರಿಸಿದ ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ ಮಡಚುವ ತಂತ್ರಜ್ಞ) ಒಬ್ಬರಿಂದ ಪರೀಕ್ಷೆ ಮಾಡಿಸಿ. ಸದ್ಯಕ್ಕೆ ಬಾಡಿಗೆ ರಿಗ್ಗೇ ಸಾಕು. ಮಿಕ್ಕ ಹಣದಲ್ಲಿ ಕ್ಯಾನೊಪಿ ನಡೆಸೋದು ಕಲಿಸುವ ಕೋರ್ಸ್ ಮಾಡಿ.

ಗೋಪ್ರೋ ಕ್ಯಾಮೆರಾ ಹಾಕಿಕೊಂಡು ಜಿಗಿಯೋದು? ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ 200 ಜಿಗಿತ ಆದ ಮೇಲೆ ಅನ್ನುತ್ತದೆ. ಸುಮ್ನೆ ಕಾಯಿರಿ.